ಕಲ್ಯಾಣದ ಚದುರಂಗ

ಇಂದಿನ ಬಸವಕಲ್ಯಾಣವೇ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದ 100 ಅಧ್ಯಾಯಗಳಲ್ಲಿ ರಾಜನೀತಿ, ಅಡುಗೆ, ಸಂಗೀತಗಳೊಡನೆ ಚದುರಂಗಕ್ಕೂ ಎಡೆಗೊಟ್ಟನು. ಅರಸನ ಕಣ್ಣಿಗೆ ಆಟವೂ ಶಾಸ್ತ್ರವೇ. ಆದರೆ ಆ ಅರಮನೆಯಲ್ಲಿ ಯಾರು ಯಾರೊಡನೆ ಆಡಿದರು, ಯಾವ ನಡೆಯಿಂದ ಗೆದ್ದರು ಎಂಬುದು ನಮಗೆ ಉಳಿದುಬಂದಿಲ್ಲ.

ಇಂದಿನ ರ‍್ಯಾಪಿಡ್ ಚದುರಂಗವನ್ನು ನೋಡಿ. ಒಬ್ಬೊಬ್ಬ ಆಟಗಾರನಿಗೆ 10 ನಿಮಿಷಕ್ಕೆ ಮೇಲೆ, 60 ನಿಮಿಷಕ್ಕೆ ಒಳಗೆ ಕಾಲ. ನಡೆಗಳನ್ನು ಬರೆದುಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ರೇಟಿಂಗ್ ಪಡೆದ ಇಬ್ಬರು ಆಡಿ ಎದ್ದರೆ ಫಲಿತಾಂಶವು ಅಂಕವಾಗಿ ಉಳಿಯುತ್ತದೆ. ಅದನ್ನು ಗಳಿಸಿಕೊಟ್ಟ ಆಲೋಚನೆ ಎಷ್ಟೋ ಸಲ ಹಲಗೆಯೊಡನೆಯೇ ಮಡಚಿಹೋಗುತ್ತದೆ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿ ದೇಗುಲದ ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಶಾಸನ ಬರೆಯುತ್ತ ನಿಂತಿದ್ದಾಳೆ. ಅವಳು ಬರೆಯುತ್ತಿರುವುದು ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿ. ಅರಸನ ಕೀರ್ತಿಗೆ ಬರೆಯುವ ಕೈ ದೊರೆಯಿತು. ಆಟಗಾರನ ಬುದ್ಧಿಗೆ ದೊರೆಯಲಿಲ್ಲ. ಚರಿತ್ರೆಯ ಪಕ್ಷಪಾತ ಹಲವು ವೇಳೆ ಇಷ್ಟು ಸರಳವಾದದ್ದು.

ಆದುದರಿಂದ ಎಳೆಯ ಆಟಗಾರರಲ್ಲಿ ನನ್ನದೊಂದು ಬಿನ್ನಹ: ಗೆದ್ದ ಆಟವನ್ನಷ್ಟೇ ಅಲ್ಲ, ಸೋತದ್ದನ್ನೂ ಅಂದಿನ ಸಂಜೆಯೇ ನೆನೆದು ಬರೆದಿಡಿ. ನಿಮಗಾಗಿ ಬರೆಯಲು ಶಿಲಾಬಾಲಿಕೆ ಬರುವುದಿಲ್ಲ.