ಅಲ್ಯೂಮಿನಿಯಂ ಅಂಗಿಯೂ ಆಮ್ಲದ ಸ್ನಾನವೂ

ಹುಳಿ, ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸುಬಾಂಗ್ ಜಯಾದ ನಮ್ಮ ಅಡಿಗೆಮನೆಗಳಲ್ಲೂ ಆ ಮಾತು ಉಳಿದಿದೆ. ಈ ಲೋಹ ಮತ್ತು ಆಮ್ಲದ ಕಥೆ ಭಾರತದ ಇತ್ತೀಚಿನ ಚರಿತ್ರೆಯಲ್ಲಿಯೂ ಬರುತ್ತದೆ. ನಮ್ಮ ಮಕ್ಕಳಿಗಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮುಂಬಯಿಯ ಟ್ರಾಂಬೆಯಲ್ಲಿ ಕೆನಡಾದ ನೆರವಿನಿಂದ ಕಟ್ಟಿದ 'ಸೈರಸ್' ರಿಯಾಕ್ಟರು 1960ರ ಜುಲೈಯಲ್ಲಿ ಚಾಲನೆಗೊಂಡಿತು. ಅದಕ್ಕೆ ಭಾರಜಲ ಒದಗಿಸಿದ್ದು ಅಮೆರಿಕ. ಅದರ ಇಂಧನ ಯುರೇನಿಯಂ ಸರಳುಗಳು; ಅವುಗಳಿಗೆ ಅಲ್ಯೂಮಿನಿಯಂ ಅಂಗಿ. ಬಳಸಿದ ಸರಳಿನಲ್ಲಿ ಅತ್ಯಲ್ಪ ಪ್ಲುಟೋನಿಯಂ ಹುಟ್ಟಿರುತ್ತದೆ. ಅದನ್ನು ಬೇರ್ಪಡಿಸಲು ಹೋಮಿ ಸೇಠನಾ ಅವರ ಮುಂದಾಳುತನದಲ್ಲಿ ಭಾರತೀಯ ಇಂಜಿನಿಯರುಗಳು ಕಟ್ಟಿದ ಕಾರ್ಖಾನೆ 1964ರಲ್ಲಿ ಕೆಲಸ ಆರಂಭಿಸಿತು. ಮರುವರ್ಷ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅದನ್ನು ಉದ್ಘಾಟಿಸಿದರು.

ಇಲ್ಲೊಂದು ಸ್ವಾರಸ್ಯವಿದೆ. ಅಲ್ಯೂಮಿನಿಯಮ್ಮಿನ ಮೇಲಿರುವ ತೆಳು ಆಕ್ಸೈಡ್ ಪೊರೆಯನ್ನು ನೈಟ್ರಿಕ್ ಆಮ್ಲ ಸುಲಭವಾಗಿ ಭೇದಿಸಲಾರದು. ಅಮೆರಿಕದ ಸವಾನಾ ನದಿಯ ಸ್ಥಾವರದಲ್ಲಿ ಆಮ್ಲಕ್ಕೆ ಸ್ವಲ್ಪ ಪಾದರಸದ ಲವಣ ಬೆರೆಸಿ ಈ ತೊಡಕನ್ನು ಬಿಡಿಸಿಕೊಂಡರು. ಟ್ರಾಂಬೆಯವರು ಮೊದಲು ಕಾಸ್ಟಿಕ್ ಸೋಡಾದಲ್ಲಿ ಅಂಗಿಯನ್ನು ಕರಗಿಸಿದರು. ಬೆಂಕಿಗೆ ಆಸ್ಪದ ಕೊಡುವ ಜಲಜನಕ ಹೆಚ್ಚದಂತೆ ಸೋಡಿಯಂ ನೈಟ್ರೇಟನ್ನೂ ಬೆರೆಸಿದರು. ಅನಂತರ ಯುರೇನಿಯಂ ಸರಳು ಕುದಿಯುವ ನೈಟ್ರಿಕ್ ಆಮ್ಲಕ್ಕೆ ಇಳಿಯಿತು. ವಿಕಿರಣದ ಭಯದಿಂದ ಎಲ್ಲವೂ ದಪ್ಪ ಕಾಂಕ್ರೀಟು ಗೋಡೆಗಳ ಹಿಂದೆಯೇ ನಡೆಯಬೇಕಿತ್ತು.

ಹೀಗೆ ಸಿಕ್ಕ ಪ್ಲುಟೋನಿಯಮ್ಮೇ 1974ರ ಮೇ 18ರಂದು ಪೋಖರಣ್‌ನಲ್ಲಿ ಸ್ಫೋಟಿಸಿತು. ಆಗ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ ಆ ಕಾರ್ಯವನ್ನು ಮುನ್ನಡೆಸಿದವರು 1925ರಲ್ಲಿ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು. ಅದು ಶಾಂತಿಯುತ ಸ್ಫೋಟವೆಂದು ಭಾರತ ಹೇಳಿತು. ಶಾಂತಿಯ ಕೆಲಸಕ್ಕೆಂದೇ ರಿಯಾಕ್ಟರು ಕೊಟ್ಟಿದ್ದ ಕೆನಡಾ ಆ ಮಾತನ್ನು ಒಪ್ಪದೆ ಅಣು ಸಹಕಾರವನ್ನು ನಿಲ್ಲಿಸಿತು. ಸೈರಸ್ ಮಾತ್ರ ನಡೆಯುತ್ತಲೇ ಇದ್ದು, 2010ರ ಕೊನೆಯಲ್ಲಿ ನಿಂತಿತು.

ನಮ್ಮ ಸೆಲಂಗೋರಿನ ಬಾಂಗಿಯಲ್ಲಿಯೂ 1982ರಲ್ಲಿ ಚಾಲನೆಗೊಂಡ ಚಿಕ್ಕ ಸಂಶೋಧನಾ ರಿಯಾಕ್ಟರು ಇದೆ. ಅದರ ಇಂಧನಕ್ಕೆ ಉಕ್ಕಿನ ಅಂಗಿ. ಶಾಲೆಯಲ್ಲಿ ಅದರ ವಿಷಯ ಕೇಳಿ ಬಂದ ಮಕ್ಕಳು ಭಾರತದ ಬಗ್ಗೆಯೂ ಪ್ರಶ್ನೆ ಹಾಕುತ್ತಾರೆ. ರಾಮಣ್ಣನವರು ನಮ್ಮವರೆಂದು ಹೆಮ್ಮೆಪಡುವಾಗ, ಕೊಟ್ಟ ಮಾತಿನ ಬಗ್ಗೆ ಎದ್ದ ಜಗಳವನ್ನೂ ಅವರಿಗೆ ಹೇಳೋಣ. ಎರಡನ್ನೂ ಕೇಳಿದ ಮೇಲೆ ಅವರೇ ಯೋಚಿಸಲಿ.