ಕೇಳಿದವನು ಯಾರು? ಕ್ರಿಸ್ತಪುರಾಣದ ಪೀಠಿಕೆ ಮತ್ತು ಮಂಗಳೂರಿನ ಓದುಗರು

ಥಾಮಸ್ ಸ್ಟೀಫನ್ಸರ ಕ್ರಿಸ್ತಪುರಾಣದ ಬಗ್ಗೆ ತಕರಾರಿಲ್ಲದ ಸಂಗತಿಗಳನ್ನು ಬೇಗನೆ ಹೇಳಿ ಮುಗಿಸಬಹುದು. 1579ರಲ್ಲಿ ಗೋವೆಗೆ ಬಂದ ಈ ಇಂಗ್ಲಿಷ್ ಜೆಸ್ವಿತ್ ಪಾದ್ರಿ ಕೊಂಕಣಿ ಬೆರೆತ ಮರಾಠಿಯಲ್ಲಿ ಸುಮಾರು 11 ಸಾವಿರ ಓವಿಗಳ ಕಾವ್ಯ ಬರೆದರು. ಅದು 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು, 1649 ಮತ್ತು 1654ರಲ್ಲಿ ಮರುಮುದ್ರಣ ಕಂಡಿತು. ಆ ಮೂರು ಮುದ್ರಣಗಳ ಪ್ರತಿಗಳು ಉಳಿದಿಲ್ಲ. ಜೋಸೆಫ್ ಎಲ್. ಸಲ್ಡಾನ್ಹಾ ಹಸ್ತಪ್ರತಿಗಳಿಂದ ಸಂಪಾದಿಸಿದ ಪಾಠ 1907ರಲ್ಲಿ ಮಂಗಳೂರಿನ ಬೋಳಾರದಿಂದ ರೋಮನ್ ಲಿಪಿಯಲ್ಲಿ ಹೊರಬಂತು. ಕಾವ್ಯವನ್ನು ಹೇಗೆ ಓದಬೇಕೆಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ನೆಲ್ಸನ್ ಫಲ್ಕಾವ್ 2003ರ ತಮ್ಮ ಅಧ್ಯಯನದಲ್ಲಿ ಅದನ್ನು ಕ್ರೈಸ್ತ ವಿಶ್ವಾಸ ಈ ನೆಲದ ಸಂಸ್ಕೃತಿಯಲ್ಲಿ ಬೇರೂರಿದ ಉದಾಹರಣೆಯಾಗಿ ಕಂಡರು. ಈ ಓದು ಬೆಲೆಯುಳ್ಳದ್ದೇ. ಆದರೆ ಅದರಲ್ಲಿ ಕರ್ತೃತ್ವವೆಲ್ಲ ಪಾದ್ರಿಯ ಪಾಲಾಗುತ್ತದೆ, ಕೇಳುಗ ಬರಿಯ ಪಾತ್ರೆಯಾಗಿ ಉಳಿಯುತ್ತಾನೆ. ಪೀಠಿಕೆ ಅದಕ್ಕೆ ಒಪ್ಪುವುದಿಲ್ಲ.

ಪೀಠಿಕೆಯಲ್ಲಿ ಸಾಷ್ಟಿ ಪ್ರಾಂತದ ಚರ್ಚೊಂದರಲ್ಲಿ ಧರ್ಮೋಪದೇಶ ನಡೆದಿರುತ್ತದೆ. ಬ್ರಾಹ್ಮಣನೊಬ್ಬ ಎದ್ದು, ಹಳೆಯ ಪುರಾಣಗಳನ್ನು ನಮ್ಮಿಂದ ಬಿಡಿಸಿದಿರಿ, ಅವುಗಳ ಜಾಗದಲ್ಲಿ ಓದಲು ಬೇರೆ ಪುರಾಣವನ್ನೇಕೆ ಕೊಡಬಾರದು ಎಂದು ಕೇಳುತ್ತಾನೆ. ಇಲ್ಲಿ ಪ್ರಶ್ನೆ ಯಾವ ಕಡೆಯಿಂದ ಹೊರಡುತ್ತದೆ ಎಂಬುದನ್ನು ಗಮನಿಸಬೇಕು. ಅಂದು ಪ್ರಚಾರದಲ್ಲಿದ್ದ ಮಾರ್ಕೋಸ್ ಜೋರ್ಜ್‌ರ ಪೋರ್ಚುಗೀಸ್ ಧರ್ಮೋಪದೇಶ ಪುಸ್ತಕದಲ್ಲಿ ಗುರು ಕೇಳುತ್ತಾನೆ, ಶಿಷ್ಯ ಕಲಿತದ್ದನ್ನು ಒಪ್ಪಿಸುತ್ತಾನೆ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಅದು. ಪುರಾಣದ ಕ್ರಮ ಇದಕ್ಕೆ ತಿರುಗುಮುರುಗು. ಶೌನಕಾದಿಗಳು ಕೇಳಿದರೆ ಸೂತ ಹೇಳುತ್ತಾನೆ, ಜನಮೇಜಯ ಕೇಳಿದರೆ ವೈಶಂಪಾಯನ. ಅಲ್ಲಿ ಕೇಳುಗನ ಕುತೂಹಲವೇ ಕಥೆಯನ್ನು ಹೊರಡಿಸುತ್ತದೆ. ಸ್ಟೀಫನ್ಸ್ ಆರಿಸಿಕೊಂಡದ್ದು ಈ ಎರಡನೆಯ ಕ್ರಮವನ್ನು. ಮುಂದೆ ಸೃಷ್ಟಿ, ಆದಾಮನ ಪತನ, ಕನ್ಯೆಯ ಗರ್ಭದಲ್ಲಿ ದೇವರ ಜನನ, ಶಿಲುಬೆಯ ಮರಣ ಇವೆಲ್ಲ ಆ ಕೇಳಿಕೆಗೆ ಸಿಕ್ಕ ಉತ್ತರವಾಗಿ ಬರುತ್ತವೆ. ಕೇಳಿದವನು ಆಗಲೇ ದೀಕ್ಷಾಸ್ನಾನ ಪಡೆದವನು, ಚರ್ಚಿನ ಒಳಗಿರುವವನು. ಆದರೂ ಕಥೆ ಹೇಗಿರಬೇಕೆಂಬ ಅವನ ನಿರೀಕ್ಷೆ ಹೊರಗಿನಿಂದ ಬಂದದ್ದು. ಹೊರಗಿನವನ ಜಿಜ್ಞಾಸೆ ಒಳಗಿನವನ ಬಾಯಲ್ಲಿ ಕೇಳಿಬಂದದ್ದೇ ಈ ಕಾವ್ಯದ ರೂಪವನ್ನು ನಿರ್ಧರಿಸಿತು ಎಂಬುದು ನನ್ನ ವಾದ.

ಆ ಬ್ರಾಹ್ಮಣ ಕವಿಯ ಕಲ್ಪನೆಯಿರಬಹುದಲ್ಲ ಎಂಬ ಆಕ್ಷೇಪ ಸಹಜ. ಇರಬಹುದು, ಪೀಠಿಕೆಯನ್ನು ವರದಿಯೆಂದು ನಾನು ಓದುತ್ತಿಲ್ಲ. ಆದರೆ ಕಲ್ಪಿತ ಪಾತ್ರವೂ ಓದುಗರಿಗೆ ನಂಬಲರ್ಹವಾಗಿ ಕಾಣಬೇಕು. ದೇವಾಲಯಗಳು ಕೆಡವಲ್ಪಟ್ಟ, ಹಳೆಯ ಗ್ರಂಥಗಳು ನಿಷಿದ್ಧವಾದ ಸಾಷ್ಟಿಯಲ್ಲಿ ಇಂಥ ಕೊರತೆಯ ಮಾತನ್ನು ಓದುಗರು ಗುರುತಿಸಬಲ್ಲರೆಂದು ಕವಿಗೆ ತಿಳಿದಿತ್ತು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಕೊನೆಯ ಮಾತು ಯಾವಾಗಲೂ ಪಾದ್ರಿಯದೇ, ಆದ್ದರಿಂದ ಇದು ಸಂವಾದವಲ್ಲ, ಸಂವಾದದ ವೇಷ ತೊಟ್ಟ ಖಂಡನೆ. ಇದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಇಬ್ಬರೂ ಸಮಾನರಾಗಿ ಕುಳಿತ ಚರ್ಚೆ ಇದಲ್ಲ, ಅದರ ಹಿಂದೆ ಪೋರ್ಚುಗೀಸ್ ಅಧಿಕಾರದ ಬಲವಿತ್ತು. ಆದರೂ ಉತ್ತರ ಹೇಳುವ ಅಧಿಕಾರ ಬೇರೆ, ಉತ್ತರದ ಆಕಾರವನ್ನು ಗೊತ್ತುಮಾಡುವ ಶಕ್ತಿ ಬೇರೆ. ಎರಡನೆಯದು ಕೇಳುಗನಲ್ಲಿತ್ತು.

ಇಲ್ಲಿಂದ ಮಂಗಳೂರಿನ ಬಗ್ಗೆ ಒಂದು ಊಹೆಗೆ ಅವಕಾಶವಿದೆ, ಊಹೆಯೆಂದೇ ಅದನ್ನು ಮುಂದಿಡುತ್ತೇನೆ. 1684ರಲ್ಲಿ ಗೋವೆಯ ವೈಸರಾಯ್ ಕೊಂಕಣಿಯ ವಿರುದ್ಧ ಆಜ್ಞೆ ಹೊರಡಿಸಿದರು. ಗೋವೆಯಿಂದ ವಲಸೆ ಬಂದ ಕೆನರಾದ ಕ್ರೈಸ್ತರು ಆ ಆಜ್ಞೆಯ ವ್ಯಾಪ್ತಿಯ ಹೊರಗೆ, ದೇವಸ್ಥಾನಗಳ ನೆರೆಯಲ್ಲಿ, ಪುರಾಣಗಳು ಕಿವಿಗೆ ಬೀಳುತ್ತಿದ್ದ ಊರುಗಳಲ್ಲಿ ಬದುಕಿದರು. ಪೀಠಿಕೆಯ ಪ್ರಶ್ನೆ ಅವರಿಗೆ ಹಳತಾಗಿರಲಿಲ್ಲ, ಕಾವ್ಯವನ್ನು ಅವರು ಕಾಪಾಡಿಕೊಂಡದ್ದಕ್ಕೆ ಇದೂ ಒಂದು ಕಾರಣವಾಗಿರಬಹುದು. ಭಕ್ತಿಯ ರೂಢಿಯೊಂದೇ ಅದಕ್ಕೆ ಸಾಕಾಗಿತ್ತು ಎನ್ನುವವರನ್ನು ಅಲ್ಲಗಳೆಯುವ ಸಾಕ್ಷ್ಯ ಇನ್ನೂ ಕೈಗೆ ಬಂದಿಲ್ಲ. ಲಂಡನ್ನಿನಲ್ಲಿರುವ ಮಾರ್ಸ್‌ಡನ್ ಸಂಗ್ರಹದ ದೇವನಾಗರಿ ಹಸ್ತಪ್ರತಿಯೊಂದಿಗೆ ಸಲ್ಡಾನ್ಹಾ ಪಾಠದ ಪ್ರಶ್ನೋತ್ತರ ಭಾಗಗಳನ್ನು ಸಾಲುಸಾಲಾಗಿ ಹೋಲಿಸಿದರೆ, ಕೇಳುಗನ ಮಾತು ಎಲ್ಲಿ ಹಿಗ್ಗಿದೆ, ಎಲ್ಲಿ ಕುಗ್ಗಿದೆ ಎಂಬುದಾದರೂ ತಿಳಿದೀತು. ಕರಾವಳಿಯ ಮನೆಗಳಲ್ಲಿ ಇಂಥ ಹಳೆಯ ಹಸ್ತಪ್ರತಿಗಳು ಉಳಿದಿದ್ದರೆ, ಮನೆಯವರು ಅವನ್ನು ಸಂಶೋಧಕರಿಗೆ ತೋರಿಸಬೇಕೆಂದು ಕೋರುತ್ತೇನೆ.