ಭಯಾನಕ ಚಿತ್ರಗಳೂ ಮನೆಯ ಪರದೆಯೂ

ನವರಸಗಳಲ್ಲಿ ಭಯಾನಕ ಬೀಭತ್ಸಗಳಿಗೆ ನಮ್ಮ ಹಿರಿಯರು ಸ್ಥಾನವನ್ನು ಕೊಟ್ಟೇ ಇದ್ದರು. ರನ್ನನ ಗದಾಯುದ್ಧದಲ್ಲಿ ರಣಭೂಮಿಯ ಮರುಳು ದುರ್ಯೋಧನನನ್ನು ಅಣಕಿಸುವದು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯು ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ ಮನೆಮಾತಾಯಿತು. ಕೊಪ್ಪಳ ಸೀಮೆಯ ಮೋರನಾಳದ ಶಿಳ್ಳೇಕ್ಯಾತರ ಭೀಮವ್ವನವರಿಗೆ 2025ರಲ್ಲಿ ಪದ್ಮಶ್ರೀಯನ್ನು ತಂದ ತೊಗಲುಗೊಂಬೆಯಾಟದಲ್ಲಿಯೂ ರಾಕ್ಷಸರು ಬೆಳಗುವ ಪರದೆಯ ಮೇಲೆಯೇ ಮೂಡುವರು. ಆದುದರಿಂದ ಇರುಳಿನಲ್ಲಿ ಪರದೆಯ ಮುಂದೆ ಕುಳಿತು ಅಂಜುವದು ಈ ನಾಡಿಗೆ ಹೊಸತಲ್ಲ. ಆ ಪರದೆಯು ಮನೆಯೊಳಗೆ ಬಂದುದು ಮಾತ್ರ ಹೊಸತು.

ಜಪಾನಿನ ಜೆವಿಸಿ ಸಂಸ್ಥೆಯು 1976ರಲ್ಲಿ ಅರ್ಧ ಅಂಗುಲದ ಸುರುಳಿಯುಳ್ಳ ವಿಎಚ್‌ಎಸ್ ಕ್ಯಾಸೆಟ್ಟನ್ನು ಮಾರಾಟಕ್ಕೆ ತಂದಿತು. 1982ರ ದಿಲ್ಲಿಯ ಏಷ್ಯನ್ ಕ್ರೀಡಾಕೂಟದೊಡನೆ ವರ್ಣದ ಟೀವಿಯು ಭಾರತಕ್ಕೆ ಬಂದಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಆಗ ರಾಯಚೂರು ಜಿಲ್ಲೆಯ ತಾಲೂಕುಗಳಾಗಿದ್ದವು. ಇಂಥ ಪೇಟೆಗಳಲ್ಲಿ ಯಂತ್ರವನ್ನು ಕೊಳ್ಳಲಾರದವರು ಅದನ್ನು ಒಂದು ರಾತ್ರಿಗೆ ಬಾಡಿಗೆಗೆ ತರುವದು, ಓಣಿಯ ಮಂದಿಯೆಲ್ಲ ಕೂಡಿ ಬೆಳಗಾಗುವವರೆಗೆ ಎರಡು ಮೂರು ಚಿತ್ರಗಳನ್ನು ನೋಡುವದು ರೂಢಿಯಾಯಿತು.

ಈ ಕ್ಯಾಸೆಟ್ಟುಗಳ ರಾಶಿಯಲ್ಲಿ ಮುಂಬಯಿಯ ರಾಮ್ಸೆ ಸಹೋದರರ ಚಿತ್ರಗಳೂ ಇದ್ದವು. 1972ರ ‘ದೋ ಗಜ್ ಜಮೀನ್ ಕೆ ನೀಚೆ’, 1984ರ ‘ಪುರಾನಾ ಮಂದಿರ್’, 1988ರ ‘ವೀರಾನಾ’ ಇವು ಅಲ್ಪ ವೆಚ್ಚದಲ್ಲಿ ತಯಾರಾದವು. ವಿಮರ್ಶಕರು ಹಳಿದರೂ ಜನರು ಬಿಡಲಿಲ್ಲ. ಕನ್ನಡದಲ್ಲಿ ವಿಜಯ್ ಅವರು ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’ (1979) ಬೇರೆ ಹಾದಿಯನ್ನು ಹಿಡಿಯಿತು. ಅದರಲ್ಲಿ ಅನಂತ್ ನಾಗ್ ಅವರ ಪಾತ್ರವನ್ನು ಕಾಡುವ ಪ್ರೇತದೆದುರು ಪತ್ನಿಯ ಪಾತ್ರದ ಲಕ್ಷ್ಮಿಯವರಿಗೆ ಮಂತ್ರಾಲಯದ ಗುರುಗಳ ಭಕ್ತಿಯೇ ಆಸರೆ.

ಚಿತ್ರಮಂದಿರದ ಬಾಗಿಲಲ್ಲಿ ವಯಸ್ಕರ ಚಿತ್ರಕ್ಕೆ ಬಂದ ಬಾಲಕರನ್ನು ತಡೆಯುವವನೊಬ್ಬನಿದ್ದನು; ಮನೆಯಲ್ಲಿ ಅಂಥವನಿಲ್ಲ. ಈ ಚಿಂತೆಯಿಂದಲೇ ಬ್ರಿಟನ್ನಿನ ಪಾರ್ಲಿಮೆಂಟು 1984ರಲ್ಲಿ ವೀಡಿಯೊ ಚಿತ್ರಗಳಿಗೆ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಭಾರತದಲ್ಲಿ ಕೃತಿಸ್ವಾಮ್ಯದ ಕಾಯಿದೆಗೆ ತಿದ್ದುಪಡಿಯಾಗಿ, ಕ್ಯಾಸೆಟ್ಟಿನಲ್ಲಿ ಸೆನ್ಸಾರ್ ಪ್ರಮಾಣಪತ್ರದ ಪ್ರತಿಯೂ ತಯಾರಕನ ಹೆಸರು ವಿಳಾಸಗಳೂ ಇರಬೇಕೆಂದು ವಿಧಿಸಲಾಯಿತು. ಇಲ್ಲಿ ಮುಖ್ಯ ಉದ್ದೇಶವು ಕಳ್ಳಪ್ರತಿಗಳ ನಿಗ್ರಹವಾಗಿತ್ತು. ಮನೆಯಲ್ಲಿ ಏನನ್ನು ನೋಡಬೇಕೆಂಬ ವಿವೇಚನೆಯು ಮಾತ್ರ ಹಿರಿಯರಿಗೇ ಉಳಿಯಿತು.

ಕಾಲದ ಆಯ್ಕೆಯು ವಿಚಿತ್ರವಾದುದು. ಕನ್ನಡದ ಮೊದಲ ವಾಕ್ಚಿತ್ರವೆಂದು ಮಾನ್ಯವಾದ ‘ಸತಿ ಸುಲೋಚನಾ’ (1934) ಇಂದು ನೋಡಲು ದೊರೆಯದು. ಹಳಿಸಿಕೊಂಡ ರಾಮ್ಸೆ ಚಿತ್ರಗಳನ್ನಾದರೋ ಮೊಂಡೊ ಮಕಾಬ್ರೊ ಎಂಬ ವಿದೇಶೀ ಸಂಸ್ಥೆಯು ಡಿವಿಡಿಗಳಲ್ಲಿ ಪುನಃ ಪ್ರಕಟಿಸಿತು. ಗೌರವವೊಂದೇ ಕೃತಿಯನ್ನು ಉಳಿಸಲಾರದು. ಪ್ರತಿಗಳು ಹಲವು ಕೈಗಳಲ್ಲಿ ಹರಡಿರಬೇಕು, ಬೇಕೆಂದು ಹುಡುಕುವವರೂ ಇರಬೇಕು.

ಆದರೆ ಕ್ಯಾಸೆಟ್ಟೂ ಚಿರಸ್ಥಾಯಿಯಲ್ಲ. ತೇವದಿಂದ ಸುರುಳಿಯ ಅಂಟು ಸಡಿಲುವದು, ಬೂಸು ಹಿಡಿಯುವದು. ಯಂತ್ರವನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯಿ ಕಂಪನಿಯೂ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಡಿಸ್ಕಿಗೆ ಏರದ ಕನ್ನಡ ಚಿತ್ರವೊಂದರ ಉಳಿದ ಪ್ರತಿಯು ಯಾವದೋ ಮನೆಯ ಅಟ್ಟದ ಮೇಲಿರುವದು ಅಸಂಭವವಲ್ಲ. ಅದನ್ನು ಕಸಕ್ಕೆ ಹಾಕುವ ಮುನ್ನ ಹಣೆಪಟ್ಟಿಯನ್ನೊಮ್ಮೆ ಓದುವದು ಸುಶಿಕ್ಷಿತ ಕುಟುಂಬಗಳಿಗೆ ಭಾರವಾಗಲಾರದು. ಚಿತ್ರದ ಗುಣದೋಷಗಳನ್ನು ಮುಂದಿನವರು ಅಳೆಯಲಿ. ಅಳೆಯಲು ಚಿತ್ರವು ಮೊದಲು ಉಳಿದಿರಬೇಕಷ್ಟೆ.